ಭಾವನ ಸೊಂಟದೆತ್ತರದ ಒಲೆಕಟ್ಟೆ

ನನ್ನ ವಾರಗಿತ್ತಿಯ ಎಡ ಮುಂಗೈ ಮೇಲೆ ಬಾಣಲೆಯ ಅಂಚು ತಾಕಿ ಆದ ಸುಟ್ಟ ಗೆರೆಗಳು ಅವರ ಬಳೆಗಳಿಗಿಂತ ಹೆಚ್ಚಾಗಿದ್ದವು. ಸೋಸಲೆಯಿಂದ ಟಿ. ನರಸೀಪುರದ ತುಂಬಿದ ಮನೆಗೆ ಹಿರಿಯ ಸೊಸೆಯಾಗಿ ಬಂದಂದಿನಿಂದ ಒಲೆಯ ಮುಂದೆ ನಿಂತು ಸಂಪಾದಿಸಿದ ಗೆರೆಗಳವು. ಕಿರಿಯ ಸೊಸೆಯಾದ ನಾನು ನಂಜನಗೂಡಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಸಂಸಾರವೂ ಅಲ್ಲಿಯೇ ಇತ್ತು. ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರ ಮಾತನ್ನು ತಿದ್ದುತ್ತಲೂ ಇದ್ದೆ.

"ಅಣ್ಣಲ್ಲ ಅಕ್ಕ, ಹಣ್ಣು."

"ಅಣ್ಣು ಅಂದ್ರೆ ಸೀ ಕಮ್ಮಿಯಾಯ್ತದಾ ಟೀಚ್ರವ್ವ?" ಎಂದು ರಸಬಾಳೆ ಸುಲಿದು ನನ್ನ ಕೈಗೇ ಕೊಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಭಾವನವರು, ಮದುವೆ ದಿಬ್ಬಣಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ ತಮ್ಮ ಹಳೆಯ ವ್ಯಾನಿನ ಸೀಟುಗಳನ್ನು ಕಿತ್ತು, ಮಲಗಿ ಉಂಡು ಹೋಗಬಹುದಾದ ಮನೆಯನ್ನಾಗಿ ಮಾಡಿ, ಹೆಂಡತಿಯೊಡನೆ ಊರೂರು ಸುತ್ತಲು ನಿಶ್ಚಯಿಸಿದರು. ಬಾಡಿ ಕಟ್ಟುವ ಶೆಡ್ಡು ನಮ್ಮ ಬೀದಿಯ ತುದಿಯಲ್ಲಿದ್ದುದರಿಂದ ಇಬ್ಬರೂ ನಮ್ಮಲ್ಲಿಯೇ ಉಳಿದುಕೊಂಡರು. ಯಾವ ಸಾಮಾನು ಬೇಕು, ಯಾವುದು ಬೇಡ ಎಂಬ ಜಗಳ ನಮ್ಮ ಪಡಸಾಲೆಯಲ್ಲಿಯೇ ನಡೆಯಿತು. ಭಾವನವರಿಗೆ ಕಂಡದ್ದೆಲ್ಲ ಬೇಕು. ಅಕ್ಕನದು ಒಂದೇ ಪ್ರಶ್ನೆ.

"ಕಿಟಕಿಗೆ ಲೇಸಿನ ಪರದೆ ಹಾಕ್ಸವಾ?"

"ಒಗ್ಯೋರ್ಯಾರು?"

ಪರದೆ ಹೋಯಿತು.

"ಸ್ಟೀಲಿನ ಸಿಂಕು?"

"ಉಜ್ಜೋರ್ಯಾರು? ಕೈ ತೊಳ್ಯಕ್ಕೆ ದಾರೀಲಿ ಒಳೆ ಇಲ್ವಾ?"

"ಟೇಪ್ ರೆಕಾರ್ಡರು?"

"ಧೂಳು ಒರ್ಸೋರ್ಯಾರು?"

"ನಾನೇ ಕಣೇ!"

"ಅಂಗಾದ್ರೆ ಇರ್ಲಿ."

'ನಾನೇ' ಎಂಬ ಉತ್ತರ ಬಂದ ಸಾಮಾನು ಮಾತ್ರ ವ್ಯಾನು ಹತ್ತಿತು. ಇದಕ್ಕಿಂತ ನಿರ್ದುಷ್ಟವಾದ ಆಯ್ಕೆಯ ಕ್ರಮವನ್ನು ನಾನು ಕಂಡಿಲ್ಲ.

ಮಾತು ಬಿಗಿಯಾದದ್ದು ಒಲೆಯ ವಿಷಯದಲ್ಲಿ. ಭಾವನವರಿಗೆ ಹೋಟೆಲಿನ ಊಟ ಒಗ್ಗದು. ಹಿಂಬಾಗಿಲ ಬಳಿ ಗ್ಯಾಸ್ ಒಲೆಗೆ ಕಟ್ಟೆಯಾಗಲೇಬೇಕೆಂದರು. ನಾನೂ ಅದೇ ಸರಿಯೆಂದೆ. ಅಕ್ಕ ಎದ್ದು ನಿಂತರು.

"ಅಡ್ಗೆಮನೇನೂ ಜೊತೇಲೇ ಬರೋದಾದ್ರೆ ನಾನ್ಯಾಕ್ ಬರ್ಲಿ? ರಾಮೇಶ್ವರಕ್ಕೆ ಓದ್ರೂ ನಂಗೆ ಕಾಣೋದು ಒಗ್ಗರಣೆ ಸೌಟೇಯ. ನೀವೊಬ್ರೇ ಓಗ್ಬನ್ನಿ."

ಭಾವನವರು ತಲೆ ಕೆರೆದುಕೊಂಡರು. "ಸರಿ, ಒಲೆ ಮುಂದೆ ನಾನೇ ನಿಲ್ತೀನಿ. ಉಪ್ಪು ಎಷ್ಟು ಅಂತಾದ್ರೂ ಯೋಳ್ತೀಯಾ?"

"ಕೂತಲ್ಲಿಂದ್ಲೇ ಯೋಳ್ತೀನಿ."

ಮಾತು ಆರುವ ಮುನ್ನವೇ ಅಕ್ಕ ಗಂಡನನ್ನು ಶೆಡ್ಡಿಗೆ ಕರೆದೊಯ್ದು, ಅವರ ಸೊಂಟಕ್ಕೆ ಟೇಪು ಹಿಡಿಸಿ, ಅದೇ ಎತ್ತರಕ್ಕೆ ಕಟ್ಟೆ ಮಾಡಿಸಿದರು. ಕುಳ್ಳಗಿದ್ದ ಅಕ್ಕನಿಗೆ ಅದು ಎದೆಯ ಮಟ್ಟಕ್ಕೆ ಬಂತು. ಒಲೆಯ ಮೇಲಿಟ್ಟ ಪಾತ್ರೆಯೊಳಗೆ ಏನಿದೆಯೆಂದು ಅವರಿಗೆ ಕಾಣುವಂತಿರಲಿಲ್ಲ. ಶೆಡ್ಡಿನವರು ನಕ್ಕರು. ಭಾವನವರು ಅವರಿಗಿಂತ ಜೋರಾಗಿ ನಕ್ಕರು. ಆ ನಗೆ ನನ್ನ ಹೊಟ್ಟೆಗೆ ಕಿಚ್ಚು ಹಚ್ಚಿತು. ನನ್ನ ಯಜಮಾನರು ಗೋಡೆಗೆ ಒಂದು ಮೊಳೆ ಹೊಡೆಯುವಾಗಲೂ ನನ್ನನ್ನು ಕೇಳಿದವರಲ್ಲ. ಸಂಧಿ ಸಮಾಸಗಳನ್ನು ಬಲ್ಲ ನನ್ನೊಡನೆ ಜಗಳವಾಡುವ ಅಗತ್ಯವೂ ಅವರಿಗೆ ಎಂದೂ ಬಿದ್ದಿರಲಿಲ್ಲ.

ಮೊದಲ ಪರೀಕ್ಷೆಗೆಂದು ವ್ಯಾನನ್ನು ಅವರ ಊರಿನ ಸಂಗಮದ ದಡದಲ್ಲಿಯೇ ನಿಲ್ಲಿಸಿದರು. ನಾವೂ ಹೋದೆವು. ಭಾವನವರು ಉಪ್ಪಿಟ್ಟು ಕೆದಕುತ್ತಿದ್ದರು. ಅಕ್ಕ ನೀರಿಗೆ ಕಾಲು ಇಳಿಬಿಟ್ಟು ಕುಳಿತಿದ್ದರು. ಅಭ್ಯಾಸಬಲದಿಂದ ನಾನು ಸೌಟಿಗೆ ಕೈ ಚಾಚಿದೆ.

"ಮುಟ್ಬ್ಯಾಡ ಕಣವ್ವ! ಇವತ್ತು ನೀ ಮುಟ್ಟುದ್ರೆ ನಾಳೆ ಅದು ನನ್ ಕೈಗೆ ಬತ್ತದೆ!" ಎಂದು ಅಕ್ಕ ಕುಳಿತಲ್ಲಿಂದಲೇ ಕೂಗಿದರು.

ಉಪ್ಪಿಟ್ಟು ಗಂಟುಗಂಟಾಗಿತ್ತು. ಅಕ್ಕ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ನಾನು ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟೆ, ದೋಷ ಉಪ್ಪಿಟ್ಟಿನದಲ್ಲ.

ಅವರು ರಾಮೇಶ್ವರಕ್ಕೂ ಹೋದರು, ಪಂಢರಾಪುರಕ್ಕೂ ಹೋದರು. ಹಿಂದಿರುಗಿದಾಗಲೆಲ್ಲ ಅಕ್ಕ ದೇವರಿಗಿಂತ ಹೆಚ್ಚಾಗಿ ಭಾವನವರ ಸಾರಿನ ವಿಷಯ ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ, ಒಳಗೆ ಬೇಯುತ್ತಿದ್ದೆ.

ಎರಡು ಸಾವಿರದ ದಶಕದ ನಡುವೆ ಒಂದು ಮಧ್ಯಾಹ್ನ ಎದೆನೋವು ಬಂದು ಅಕ್ಕ ತೀರಿಕೊಂಡರು. ಸತ್ತವರ ಮೇಲೆ ಹೊಟ್ಟೆಕಿಚ್ಚು ಸಲ್ಲದು ಎನ್ನುತ್ತಾರೆ. ನನ್ನದು ಆ ನಿಯಮವನ್ನು ಪಾಲಿಸಲಿಲ್ಲ.

ಕೆಲವು ತಿಂಗಳ ಬಳಿಕ ಭಾವನವರು ಬಂದು ವ್ಯಾನಿನ ಬೀಗದಕೈಯನ್ನು ತಮ್ಮನ ಮುಂದಿಟ್ಟರು. "ನಿಂತಲ್ಲೇ ತುಕ್ಕು ಹಿಡೀತದೆ ಕಣೋ. ನೀವಿಬ್ರೂ ಓಗ್ಬನ್ನಿ."

ಯಜಮಾನರು ನನ್ನ ಕಡೆ ತಿರುಗಿದರು. "ದಾರೀಲಿ ಊಟಕ್ಕೇನ್ ಮಾಡ್ತೀಯ?"

"ನೀವೇನ್ ಮಾಡಿ ಹಾಕ್ತೀರೋ ಅದನ್ನೇ ತಿಂತೀನಿ," ಎಂದೆ.

ಮದುವೆಯಾದಂದಿನಿಂದ ನಾನು ಅಂಥ ವಾಕ್ಯವನ್ನು ರಚಿಸಿರಲಿಲ್ಲ. ಅದು ಅಕ್ಕನ ಋಣ. ಭಾವನವರು ನಕ್ಕರು, ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡರು.

ಯಜಮಾನರು ನಗಲಿಲ್ಲ. ಬೀಗದಕೈಯನ್ನು ಮೆಲ್ಲಗೆ ಅಣ್ಣನ ಕಡೆಗೆ ಸರಿಸಿದರು.