ಹುಣಸೆಹುಳಿ ತಿಕ್ಕಿದ ಕ್ಯಾರಿಯರ್

ಮೀನಿನ ಮಂಜಣ್ಣನಷ್ಟು ಸೈಕಲ್ ತೊಳೆಯುವ ಮನುಷ್ಯನನ್ನು ನಾನು ಕಂಡಿಲ್ಲ. ಸಾಸ್ತಾನದ ಸುತ್ತ ಬಂಗುಡೆ ಮಾರಿ ಮುಗಿದದ್ದೇ ತಡ, ರಸ್ತೆಬದಿಯ ನಲ್ಲಿಯಲ್ಲಿ ಹುಣಸೆಹುಳಿ ಹಚ್ಚಿ ಕ್ಯಾರಿಯರನ್ನು ತಿಕ್ಕಿದ್ದೇ ತಿಕ್ಕಿದ್ದು. ನಾನು ನಕ್ಕರೆ, "ಸೈಕಲ್ಲಿಗೂ ಒಂದ್ ಮರ್ಯಾದಿ ಬ್ಯಾಡ್ದಾ ಭಟ್ರೆ?" ಎನ್ನುತ್ತಿದ್ದ.

ಲಾಕ್‌ಡೌನ್ ಬಂತು. ಅಮ್ಮನಿಗೆ ವಾರಕ್ಕೆರಡು ಸಲ ಬ್ರಹ್ಮಾವರದಲ್ಲಿ ಡಯಾಲಿಸಿಸ್ ಆಗಲೇಬೇಕು. ಬಸ್ಸಿಲ್ಲ, ರಿಕ್ಷಾ ಇಲ್ಲ. ನನ್ನ ಸ್ಕೂಟರು ಮೊದಲ ದಿನವೇ ಪೊಲೀಸ್ ಸ್ಟೇಷನ್ ಸೇರಿತ್ತು. ಸುದ್ದಿ ತಿಳಿದ ಮಂಜಣ್ಣ ಮರುದಿನ ಬೆಳಿಗ್ಗೆ ಕ್ಯಾರಿಯರಿಗೆ ದಿಂಬು ಕಟ್ಟಿಕೊಂಡು ಗೇಟಿನ ಹೊರಗೆ ನಿಂತಿದ್ದ. "ವಾಸ್ನಿ ಪೂರಾ ಹೋಯ್ತ್ ಅಮ್ಮ. ಕೂಕಣಿ, ಗಟ್ಟಿ ಹಿಡ್ಕಣಿ."

ಮೀನಿನ ಬುಟ್ಟಿ ತಾಗಿದರೆ ಮೀಯುವ ಅಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕುಳಿತಳು. ಮೂರನೆಯ ಸಲಕ್ಕೆ ಸೆರಗು ಇಳಿದಿತ್ತು. "ಮೆಲ್ಲ ಹೋಗ್ ಮಾರಾಯ" ಎಂದು ಅವನ ಬೆನ್ನಿಗೆ ಗುದ್ದುತ್ತಿದ್ದಳಂತೆ. ಒಮ್ಮೆ ಹೆದ್ದಾರಿಯಲ್ಲಿ ಪೊಲೀಸಿನವನು ಲಾಠಿ ಎತ್ತಿದಾಗ ಮಂಜಣ್ಣ, "ಹ್ವಾಯ್ ಸಾರ್, ಹೊಡುದಾರೆ ನಂಗ್ ಹೊಡಿನಿ. ಸೈಕಲ್ ಮುಟ್ಬೇಡಿ, ಹಿಂದ್ ಅಮ್ಮ ಕೂತಿದ್ರ್" ಎಂದನಂತೆ. ಇದನ್ನು ಅಮ್ಮ ನನಗೆ ಹತ್ತು ಸಲ ಹೇಳಿದ್ದಳು.

ಅಷ್ಟರಲ್ಲಿ ಕೋಟದಿಂದ ಭಾವನ ಫೋನು. "ನಾಲ್ಕೂರು ತಿರುಗುವ ಮೀನಿನವ, ಮನೆಗೆ ರೋಗ ತಂದಾನು. ನನ್ನ ಕಾರಿಗೆ ಪಾಸ್ ಸಿಗುತ್ತದೆ, ನಾನೇ ಬರುತ್ತೇನೆ." ನನಗೂ ಅಷ್ಟೇ ಬೇಕಿತ್ತು. ರೋಗದ ಹೆದರಿಕೆ ಅರ್ಧ, ಕೇರಿಯವರ ಬಾಯಿಯ ಹೆದರಿಕೆ ಇನ್ನರ್ಧ. ಥೂ, ನನ್ನ ಜನ್ಮಕ್ಕೆ! ಗೇಟಿನ ಒಳಗೇ ನಿಂತು, "ಇನ್ನು ಬರಬೇಡ ಮಂಜಣ್ಣ" ಎಂದೆ. ಅವನು ಏಕೆಂದು ಕೇಳಲಿಲ್ಲ. "ಅಡ್ಡಿಲ್ಲ ಭಟ್ರೆ" ಎಂದು ದಿಂಬು ಬಿಚ್ಚಿ ಕಟ್ಟೆಯ ಮೇಲಿಟ್ಟು ಹೋದ.

ಪಾಸ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಭಾವ ಹೇಳುತ್ತಲೇ ಇದ್ದ. ಡಯಾಲಿಸಿಸ್ಸಿನ ಎರಡು ಸರದಿ ತಪ್ಪಿತು. ಅಮ್ಮನ ಮೈಯೆಲ್ಲ ಬಾತು ಉಸಿರು ಕಟ್ಟತೊಡಗಿತು. "ಮಂಜ ಎಂತಕೆ ಬರ್ಲಿಲ್ಲ?" ಎಂದು ಕೇಳಿದಳು. ಅವನಿಗೆ ಪುರುಸೊತ್ತಿಲ್ಲ ಎಂದು ಸುಳ್ಳು ಹೇಳಿದೆ. ಮಧ್ಯಾಹ್ನದೊಳಗೆ ಅಮ್ಮ ಹೋದಳು.

ಸಂಜೆ ಮಂಜಣ್ಣ ಬಂದ. ಗೇಟು ದಾಟಲಿಲ್ಲ. ನಾನೇ ಹೊರಗೆ ಹೋದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಅಳುತ್ತ ಹೇಳಿದ: "ಆ ಎರಡೂ ದಿವ್ಸ ಹತ್ತ್ ಗಂಟಿ ತನ್ಕ ಹೆದ್ದಾರಿ ಟೋಲ್‌ಗೇಟಿನ್ ಹತ್ರ ಸೈಕಲ್ ಹಿಡ್ಕಂಡ್ ನಿತ್ಕಂಡಿದ್ದೆ ಭಟ್ರೆ. ಕರೀತ್ರೇನೋ ಅಂದೇಳಿ."

ಅವನ ನಂಬರು ನನ್ನ ಮೊಬೈಲಿನಲ್ಲೇ ಇತ್ತು.