ತುತ್ತಿಗೊಂದು ‘ಹ್ಞೂಂ’

ಇವತ್ತು ಮಧ್ಯಾಹ್ನ ಬಂಗಡೆ ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಇದ್ದಕ್ಕಿದ್ದಂತೆ ಪಕ್ಕದ ಮನೆಯ ಅಕ್ಕನ ಬೆರಳುಗಳು ನೆನಪಾದವು... ಕಣ್ಣು ಬೇರೆಲ್ಲೋ ಇಟ್ಟು, ಊರ ಸುದ್ದಿಯೆಲ್ಲ ಹೇಳುತ್ತಲೇ, ಒಂದು ಮುಳ್ಳೂ ಉಳಿಯದಂತೆ ಬಿಡಿಸುತ್ತಿದ್ದಳು. ತನಗಲ್ಲ, ತಮ್ಮನಿಗೆ.

ತಮ್ಮನೆಂದರೆ ನಲವತ್ತು ದಾಟಿದ ಆಳು. ಹುಟ್ಟಿನಿಂದಲೇ ಬುದ್ಧಿ ಬೆಳೆದಿರಲಿಲ್ಲ, ಮಾತೂ ಬಂದಿರಲಿಲ್ಲ. ನೌಕಾನೆಲೆಗೆ ಜಾಗ ಹೋದ ಮೇಲೆ ಕಟ್ಟಿದ ಕಾಲನಿಯಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಊಟದ ಹೊತ್ತಿಗೆ ಆಚೆಯಿಂದ ಅವಳ ‘ಹ್ಞೂಂ’ ಕೇಳುತ್ತಿತ್ತು. ಅನ್ನ ಕಲಸಿ ಅವಳು ‘ಹ್ಞೂಂ’ ಅಂದರೆ ಅವನ ಕೈ ಬಾಯಿಗೆ ಹೋಗುತ್ತಿತ್ತು. ಅನ್ನದಿದ್ದರೆ ಇಲ್ಲ. ಮತ್ತೊಂದು ತುತ್ತಿಗೆ ಮತ್ತೊಂದು ‘ಹ್ಞೂಂ’.

ಕಾರವಾರದ ಡಾಕ್ಟರು ಅವಳ ಹೃದಯ ಸೋತಿದೆ ಎಂದ ದಿನ ನನ್ನ ಜಗುಲಿಯಲ್ಲಿ ಬಂದು ಕೂತಳು. ಶಾಲೆಯಲ್ಲಿ ಕಲಿಸಿದವಳಾದ್ದರಿಂದ ನಾನು ಅವಳಿಗೆ ಅಕ್ಕೋರು.

“ಸಾಯುದಕ್ಕೆ ಹೆದರುದಿಲ್ರಾ ಅಕ್ಕೋರೇ. ನಾ ಹೋದ್ಮೇಲೆ ಇಂವ್ನ ನೋಡುದು ಯಾರು?”

ಅಂಕೋಲೆಯ ಕಡೆ ಒಂದು ಆರೈಕೆ ಮನೆ ಇದೆ, ವಯಸ್ಸಾದವರ ಜೊತೆ ಇಂಥವರನ್ನೂ ಇಟ್ಟುಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಮೊದಲು ಕರೆಸಿ, ಏನೇನು ಬರುತ್ತದೆ, ಎಷ್ಟು ಸಹಾಯ ಬೇಕು ಎಂದು ಪರೀಕ್ಷಿಸುತ್ತಾರಂತೆ. ನಾನೂ ಜೊತೆಗೆ ಹೋದೆ.

ಅಕ್ಕ ಮೀನು ಮಾರುವವಳು. ಗಿರಾಕಿಯ ಎದುರು ತನ್ನ ಬುಟ್ಟಿಯ ಮೀನಿಗೆ ಜೀವಮಾನದಲ್ಲಿ ಕುಂದು ಹೇಳಿದವಳಲ್ಲ. ತಮ್ಮನಿಗೆ ಇಸ್ತ್ರಿ ಅಂಗಿ ತೊಡಿಸಿ, ತಲೆಗೆ ಎಣ್ಣೆ ಹಚ್ಚಿ, ಅದೇ ಗತ್ತಿನಲ್ಲಿ ನರ್ಸಮ್ಮನ ಮುಂದೆ ಕೂರಿಸಿದಳು. ಸ್ನಾನ? “ಬತ್ತದೆ.” ಬಟ್ಟೆ? “ಬತ್ತದೆ.” ಊಟ? “ತಾನೇ ಉಣ್ತಾ. ಒಂದ್ ಅಗಳು ಚೆಲ್ಲುದಿಲ್ಲ ಅಮ್ಮಾ, ಬಂಗಾರದಂಥಾಂವ!” ಇನ್ನು ತಾಜಾ ಮೀನೆಂದು ಕಿವಿರು ಎತ್ತಿ ತೋರಿಸುವುದೊಂದು ಬಾಕಿ ಎಂದು ನನಗೆ ನಗು ಬಂತು. ನರ್ಸಮ್ಮ ಒಂದು ಲೋಟ ನೀರು ಕೊಟ್ಟಳು. ಅಕ್ಕ ಅಭ್ಯಾಸಬಲದಿಂದ ‘ಹ್ಞೂಂ’ ಅಂದಳು, ಅವನು ಕುಡಿದ. ಪಾಸು!

ಅವಳ ಪಾಲಿಗೆ ಅದು ಸುಳ್ಳಲ್ಲ. ಕೈ ಅವನದು, ಬಾಯಿ ಅವನದು. ‘ಹ್ಞೂಂ’ ಅನ್ನುವುದೂ ಒಂದು ಸಹಾಯವೆಂದು ಅವಳಿಗೆ ಹೊಳೆಯಲೇ ಇಲ್ಲ.

ತಾವೇ ಎಲ್ಲ ಮಾಡಿಕೊಳ್ಳುವವರ ಕೋಣೆಯಲ್ಲಿ ಅವನಿಗೆ ಮಂಚ ಸಿಕ್ಕಿತು. ಸ್ವಲ್ಪ ದಿನ ಬಿಟ್ಟು ನೋಡಲು ಹೋದರೆ ಕೆನ್ನೆಯೆಲ್ಲ ಒಳಗೆ ಹೋಗಿತ್ತು. ಹೊಸ ಜಾಗ, ಸಂಕೋಚ ಎಂದುಕೊಂಡು ಅವರು ತಟ್ಟೆ ಇಡುತ್ತಿದ್ದರು, ಹಾಗೇ ಒಯ್ಯುತ್ತಿದ್ದರು. ಅಕ್ಕ ನೆಲಕ್ಕೆ ಕೂತು ಅನ್ನ ಕಲಸಿ ‘ಹ್ಞೂಂ’ ಅಂದಳು. ಅವನು ಗಬಗಬನೆ ಉಂಡ. ಬಾಗಿಲಲ್ಲಿ ನಿಂತು ನೋಡಿದ ನರ್ಸಮ್ಮನ ಕಣ್ಣೂ ಒದ್ದೆಯಾಗಿತ್ತು. “ಇದನ್ನ ಮೊದಲೇ ಹೇಳಬೇಕಿತ್ತಲ್ಲಮ್ಮ. ಪ್ರತಿ ತುತ್ತಿಗೂ ಪಕ್ಕದಲ್ಲಿ ಕೂರೋಕೆ ನಮ್ಮಲ್ಲಿ ಜನ ಇಲ್ಲ.”

ಕರೆದುಕೊಂಡು ಬಂದೆವು. ಬಸ್ಸಿನಲ್ಲಿ ಅವನು ಅವಳ ಸೆರಗು ಹಿಡಿದುಕೊಂಡೇ ಇದ್ದ.

“ಎಲ್ಲಾ ಬತ್ತದೆ ಅಂದ್ರೆ ಉಪವಾಸ. ಖರೇ ಹೇಳದ್ರೆ ಜಾಗ ಇಲ್ಲ. ಯಂತಾ ಹೇಳುದ್ರಾ ಅಕ್ಕೋರೇ?”

ಬೇರೆ ಕಡೆಯೂ ವಿಚಾರಿಸಿದೆವು. ಇಂಥ ಮಕ್ಕಳ ಶಾಲೆಯವರಿಗೆ ಅವನು ದೊಡ್ಡವನಾದ, ವೃದ್ಧಾಶ್ರಮದವರಿಗೆ ಚಿಕ್ಕವನಾದ.

ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು... ಆಮೇಲೆ ನಾನು ಮುಳ್ಳು ಬಿಡಿಸಿ, ಅನ್ನ ಕಲಸಿ ‘ಹ್ಞೂಂ’ ಅಂದೆ. ಅವನು ನನ್ನ ಮುಖ ನೋಡಿದ, ಬಾಗಿಲು ನೋಡಿದ. ಅವಳ ಹಾಗೆಯೇ ದನಿ ಎಳೆದು ಅಂದೆ. ಇಲ್ಲ. ಬಾಯಿಗಿಟ್ಟರೆ ತುಟಿ ಬಿಗಿದ. ಆಸ್ಪತ್ರೆಗೆ ಸೇರಿಸಿದೆವು, ಮರಳಿ ಬರಲಿಲ್ಲ.

ಗೋಡೆಯಾಚೆ ಈಗ ಬಾಡಿಗೆಯವರಿದ್ದಾರೆ. ಊಟದ ಹೊತ್ತಿಗೆ ಟಿ.ವಿ. ಕೇಳುತ್ತದೆ. ಆ ಇಬ್ಬರೂ ಇಲ್ಲ ಎನ್ನುವುದು ನನಗಿನ್ನೂ ಒಗ್ಗಿಲ್ಲ. ಬಿಡಿಸಿಟ್ಟ ಬಂಗಡೆ ತಟ್ಟೆಯಲ್ಲೇ ತಣ್ಣಗಾಗಿತ್ತು. ನನಗೆ ನಾನೇ ‘ಹ್ಞೂಂ’ ಅಂದುಕೊಂಡೆ. ಕೈ ಏಳಲಿಲ್ಲ.