ನನ್ನ ಐವತ್ತೆಂಟು, ಅವರ ಹತ್ತಿ ಹೊಲ

ಪಿಯುಸಿಯಲ್ಲಿ ನನಗೆ ಬಂದದ್ದು ಶೇಕಡಾ ಐವತ್ತೆಂಟು. ಕೊಪ್ಪಳದ ಒಂದು ಟ್ರಸ್ಟಿನವರು ನರ್ಸಿಂಗ್ ಓದುವ ಹುಡುಗಿಯರಿಗೆ ಕೊಡುತ್ತಿದ್ದ ವಿದ್ಯಾರ್ಥಿವೇತನಕ್ಕೆ ಅರವತ್ತು ಬೇಕಿತ್ತು. ಕಡಿಮೆ ಬಂದವರು ತಕ್ಕ ಕಾರಣ ಕೊಟ್ಟರೆ ನೋಡುತ್ತೇವೆ ಎಂದೂ ಹೇಳಿದ್ದರು. ಆ ಒಂದು ಮಾತು ನಂಬಿ ಅರ್ಜಿ ಹಾಕಿದೆ. ಅದು ಸಿಗದಿದ್ದರೆ ನರ್ಸಿಂಗ್ ಓದು ಇಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಾರಣವೇನೋ ನನ್ನ ಬಳಿ ಇತ್ತು. ಹನುಮಸಾಗರದ ನಮ್ಮ ಕಡೆ ಬೀಜಕ್ಕಾಗಿ ಹತ್ತಿ ಬೆಳೆಯುತ್ತಾರೆ. ಗಣಪತಿ ಹಬ್ಬ ಮುಗಿದರೆ ದೀಪಾವಳಿವರೆಗೂ ಕ್ರಾಸಿಂಗ್. ಸಂಜೆ ಹೆಣ್ಣು ಗಿಡದ ಮೊಗ್ಗು ಸುಲಿದಿಟ್ಟು, ಮರುದಿನ ಬೆಳಗ್ಗೆ ಗಂಡು ಹೂವಿನ ಪುಡಿಯನ್ನು ಅದಕ್ಕೆ ಸವರಬೇಕು. ಬಿಸಿಲೇರಿದರೆ ಕಾಯಿ ಕಟ್ಟುವುದಿಲ್ಲ. ಈ ಕೆಲಸಕ್ಕೆ ಹುಡುಗಿಯರ ಬೆರಳೇ ಬೇಕಂತೆ. ಕುಷ್ಟಗಿಯ ಕಾಲೇಜೂ ಬೆಳಗ್ಗೆಯೇ ಇತ್ತಲ್ಲ, ಅದನ್ನು ಯಾರು ಕೇಳಬೇಕು? ಎರಡೂ ವರ್ಷ ನನ್ನ ಹಾಜರಿ ಹೊಲದ ಪಾಲಾಯಿತು.

ಕಾಮಾಲೆ ಆಗಿತ್ತೆಂದು ಡಾಕ್ಟರರ ಚೀಟಿ ಬರೆಸಿಕೊಂಡು ಬಾ, ಎಲ್ಲರೂ ಹಾಗೇ ಮಾಡುತ್ತಾರೆ, ಕಾಯಿಲೆ ಅಂದರೆ ಯಾರೂ ಮರುಮಾತಾಡುವುದಿಲ್ಲ ಎಂದು ಉಪನ್ಯಾಸಕರೊಬ್ಬರು ಬುದ್ಧಿ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಗಟ್ಟಿಮುಟ್ಟಾಗಿ ದುಡಿದವಳು ರೋಗಿಷ್ಟೆ ಎಂದು ಬರೆದುಕೊಡಬೇಕೆ? ಇದ್ದದ್ದನ್ನೇ ಬರೆದೆ. ಅದಕ್ಕೆ ಇನ್ನೊಂದು ಧೈರ್ಯವೂ ಇತ್ತು. ಆಯ್ಕೆ ಸಮಿತಿಯಲ್ಲಿ ನಾನು ದುಡಿದ ಹೊಲದ ಸಾಹುಕಾರರೇ ಇದ್ದರು. ಮಗಳ ಕೈ ಭಾಳ ಹಗುರ ಐತಿ, ಕಾಲೇಜು ಎಲ್ಲಿ ಓಡಿ ಹೋಗತೈತಿ, ಕಳಸು ಎಂದು ಅವ್ವನಿಗೆ ಹೇಳಿ ಕರೆಸಿಕೊಂಡವರು. ಅವರಿಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥವಾದೀತು ಎಂದುಕೊಂಡಿದ್ದೆ.

ಸಂದರ್ಶನದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಡುವಿನ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಅದೇ ಮೊದಲ ಸಲ ನೋಡಿದವರ ಹಾಗೆ, ಕಾಲೇಜಿಗೆ ಯಾಕೆ ಸರಿಯಾಗಿ ಹೋಗಿಲ್ಲ ಎಂದು ಕೇಳಿದರು.

"ನಿಮ್ಮ ಹೊಲಕ್ಕ ಬಂದಿದ್ನಿರಿ," ಎಂದೆ.

ಪಕ್ಕದಲ್ಲಿದ್ದವರು ಕೆಮ್ಮಿದರು. ಸಾಹುಕಾರರು ಮಾತ್ರ ನಕ್ಕರು.

"ಓದೋ ಆಸೆ ಇದ್ದಾಕಿ ಹೆಂಗರ ಮಾಡಿ ಓದತಾಳವ್ವ," ಎಂದರು.

ಆ ನಗೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಹಣ ನನಗೆ ಸಿಗಲಿಲ್ಲ. ನನಗಿಂತ ಕಡಿಮೆ ಅಂಕ ತೆಗೆದು ಕಾಮಾಲೆಯ ಚೀಟಿ ತಂದಿದ್ದ ಯಲಬುರ್ಗಾದ ಹುಡುಗಿಗೆ ಸಿಕ್ಕಿತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳೂ ಯಾರದೋ ಹೊಲದಲ್ಲಿ ಮೊಗ್ಗು ಸುಲಿದವಳೇ.

ಹತ್ತಿ ಮತ್ತೆ ಹೂ ಬಿಟ್ಟಿತು. ಸಾಹುಕಾರರು ಬೈಕಿನ ಮೇಲೆ ನಮ್ಮ ಬಾಗಿಲಿಗೇ ಬಂದು, ಆಳು ಸಾಲುತ್ತಿಲ್ಲ, ನಾಳೆಯಿಂದ ಮಗಳನ್ನು ಕಳಿಸು ಎಂದರು. ಒಂದಿಷ್ಟೂ ನಾಚಿಕೆಯಿಲ್ಲದೆ. ಅವರೆದುರು ಎಂದೂ ದನಿ ಎತ್ತದ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅಕಿಗಿ ಐವತ್ತೆಂಟ ಬಂದೈತಲ್ರಿ ಸಾವಕಾರ್ರ, ನಿಮ್ಮ ಹೊಲಕ್ಕ ಅಷ್ಟ ಹ್ಯಾಂಗ ನಡೀತೈತ್ರಿ? ಅರವತ್ತ ಬಂದಾಕಿನ್ನ ಹುಡಿಕ್ಕೋರಿ."